ಮಧ್ಯಮ ಬಜೆಟ್‌ನ ಗೇಮಿಂಗ್ ಪಿಸಿ: ಬಿಡಿಭಾಗಗಳನ್ನು ಆರಿಸುವುದು ಹೇಗೆ?

‘ಗೇಮಿಂಗ್ ಪಿಸಿ’ ಎಂಬ ಹೆಸರಲ್ಲಿ ಮಾರಾಟವಾಗುವುದೆಲ್ಲ ಗೇಮಿಂಗ್‌ಗೆ ಆಗುವುದಿಲ್ಲ. ಗಾಜಿನ ಕ್ಯಾಬಿನೆಟ್, ಬಣ್ಣ ಬಣ್ಣದ ಲೈಟು. ಒಳಗೆ ನೋಡಿದರೆ 2017ರಲ್ಲಿ ಬಂದ ಜಿಟಿ 1030 ಗ್ರಾಫಿಕ್ಸ್ ಕಾರ್ಡ್. ಇಂಥದ್ದಕ್ಕೂ ಆನ್‌ಲೈನ್‌ನಲ್ಲಿ ಅದೇ ಹೆಸರು. ಅಪ್ಪನ ಸಂಬಳದಿಂದಲೋ ಗಲ್ಫ್‌ನಲ್ಲಿರುವ ಅಣ್ಣನ ದುಡಿಮೆಯಿಂದಲೋ ಬಂದ 60ರಿಂದ 90 ಸಾವಿರ ರೂಪಾಯಿಯನ್ನು ಒಂದೇ ಸಲಕ್ಕೆ ಹಾಕುವಾಗ, ಒಳಗೆ ಏನಿದೆ ಎಂದು ಗೊತ್ತಿರಲೇಬೇಕು.

ಹಣದ ದೊಡ್ಡ ಪಾಲು, ಸುಮಾರು ಮೂರರಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು, ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಬೇಕು. ಆಟದ ವೇಗ ನಿರ್ಧಾರವಾಗುವುದು ಹೆಚ್ಚಾಗಿ ಅಲ್ಲೇ. ಈ ವರ್ಗದಲ್ಲಿ 2025ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5060 ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಮುಖ್ಯ. ಮೊದಲನೆಯದರಲ್ಲಿ 8 ಜಿಬಿ ಮೆಮೊರಿ ಮಾತ್ರ. ಎರಡನೆಯದು 8 ಮತ್ತು 16 ಜಿಬಿ ಎರಡರಲ್ಲೂ ಸಿಗುತ್ತದೆ. ಹೊಸ ಆಟಗಳನ್ನು ನಾಲ್ಕೈದು ವರ್ಷ ಆಡುವ ಆಸೆ ಇದ್ದರೆ 16 ಜಿಬಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಜೆಟ್ ಬಿಗಿ ಇದ್ದವರು ಹಿಂದಿನ ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ಕಡೆ ನೋಡಬಹುದು. ಹಳೆಯ ಜಿಟಿಎಕ್ಸ್ 1650, 1660 ಈಗ ಬೇಡವೇ ಬೇಡ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ನಂಥ ಆಟಗಳು ರೇ ಟ್ರೇಸಿಂಗ್ ಸೌಲಭ್ಯವಿರುವ ಕಾರ್ಡನ್ನೇ ಕೇಳುತ್ತವೆ.

ಹಾಗಂತ ಎಲ್ಲರಿಗೂ ದೊಡ್ಡ ಕಾರ್ಡ್ ಬೇಕಾ? ವ್ಯಾಲರಂಟ್, ಸಿಎಸ್ 2 ಮಾತ್ರ ಆಡುವವರಿಗೆ ಪ್ರೊಸೆಸರ್ ಮತ್ತು ಹೆಚ್ಚು ಹರ್ಟ್ಸ್‌ನ ಮಾನಿಟರ್ ಮುಖ್ಯ.

ಪ್ರೊಸೆಸರ್‌ನಲ್ಲಿ 6 ಕೋರ್ ಸಾಕು. ರೈಝೆನ್ 5 5600 ಅಥವಾ ಇಂಟೆಲ್ ಐ5 12400ಎಫ್ ಕಡಿಮೆ ಖರ್ಚಿನ ದಾರಿ. ರೈಝೆನ್ 5 7600 ದುಬಾರಿಯಾದರೂ ಅದರ ಎಎಂ5 ಸಾಕೆಟ್‌ನಲ್ಲಿ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿ ಮದರ್‌ಬೋರ್ಡ್ ಉಳಿಸಿಕೊಳ್ಳಬಹುದು. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಕಾಣುವುದಿಲ್ಲ. 5600ರದ್ದೂ ಅದೇ ಕತೆ. ಮದರ್‌ಬೋರ್ಡ್ ಕೊಳ್ಳುವಾಗ ರ್‍ಯಾಮ್ ಡಿಡಿಆರ್4 ಅಥವಾ ಡಿಡಿಆರ್5 ಎಂದು ಕೇಳಿ ತಗೊಳ್ಳಿ, ಒಂದು ಇನ್ನೊಂದರ ಸ್ಲಾಟ್‌ಗೆ ಕೂರುವುದೇ ಇಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಜೋರಾಗಿ ಏರಿದೆ. ಹಾಗಾಗಿ 32ಕ್ಕೆ ಹಟ ಹಿಡಿಯದೆ 16 ಜಿಬಿಯಲ್ಲಿ ಶುರು ಮಾಡಬಹುದು. 8ರ ಎರಡು ಕಡ್ಡಿ ಹಾಕಿದರೆ 16ರ ಒಂದೇ ಕಡ್ಡಿಗಿಂತ ವೇಗ ಜಾಸ್ತಿ. ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ ಇರಲಿ.

ಹೆಚ್ಚಿನವರು ಉಳಿತಾಯ ಮಾಡಲು ಹೋಗುವುದು ಪವರ್ ಸಪ್ಲೈಯಲ್ಲಿ. ಹೆಸರಿಲ್ಲದ ಎಸ್‌ಎಂಪಿಎಸ್ ಕೆಟ್ಟಾಗ ಕಾರ್ಡ್, ಬೋರ್ಡ್ ಎಲ್ಲವನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಮೇಲೆ ಹೇಳಿದ ಕಾರ್ಡ್‌ಗಳಿಗೆ 550ರಿಂದ 650 ವಾಟ್ ಧಾರಾಳ. ‘80 ಪ್ಲಸ್ ಬ್ರಾಂಝ್’ ಎಂಬುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಲೆಕ್ಕ ಮಾತ್ರ, ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. ವಾರಂಟಿ ಎಷ್ಟು ವರ್ಷ ಎಂದೂ ಕೇಳಬೇಕು.

ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲಿನ ಸಿಡಿಲು ಬೇರೆ ಇದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಪಿಸಿ ಇಡುವ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಗುಡುಗು ಶುರುವಾದರೆ ಪ್ಲಗ್ ಮಾತ್ರವಲ್ಲ, ಇಂಟರ್ನೆಟ್‌ನ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಅದಕ್ಕೆ ಭಾರವಾಗುತ್ತದೆ. 1000 ವಿಎ ಒಳ್ಳೆಯದು. ತೇವದ ಗಾಳಿ, ಧೂಳಿನ ಊರಿಗೆ ಮುಂಭಾಗದಲ್ಲಿ ಜಾಲರಿ ಮತ್ತು ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ ಗಾಜಿನದಕ್ಕಿಂತ ಮೇಲು.

ದುಬೈಯಿಂದ ಮಾವ ಬರುವಾಗ ಕಾರ್ಡ್ ತರಿಸುವ ಯೋಚನೆ ಇದ್ದರೆ ಎರಡು ಸಂಗತಿ. ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್‌ಗೆ ಪ್ರತ್ಯೇಕವಾಗಿ ಸಿಗುವ ಕಸ್ಟಮ್ಸ್ ವಿನಾಯಿತಿ ಬಿಡಿಭಾಗಗಳಿಗಿಲ್ಲ. ಅವು ಸಾಮಾನ್ಯ ಸಾಮಾನಿನ ಮಿತಿಯೊಳಗೇ ಬರಬೇಕು. ಜೊತೆಗೆ ಅಲ್ಲಿನ ವಾರಂಟಿ ಇಲ್ಲಿ ನಡೆಯದ ಬ್ರಾಂಡ್‌ಗಳು ಬಹಳ. ಕಾರ್ಡ್ ಕೆಟ್ಟರೆ ಮತ್ತೆ ಅಲ್ಲಿಗೇ ಕಳಿಸಬೇಕಾದೀತು. ಬೆಲೆಯ ವ್ಯತ್ಯಾಸ ಎರಡು ಮೂರು ಸಾವಿರ ಮಾತ್ರ ಇದ್ದರೆ ಈ ರಗಳೆ ಯಾಕೆ?

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಹೆಚ್ಚು ಎಚ್ಚರ ವಹಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಬಳಿಕ ಹಗಲು ರಾತ್ರಿ ದುಡಿದ ಆರ್‌ಟಿಎಕ್ಸ್ 30 ಸರಣಿಯ ಕಾರ್ಡ್‌ಗಳು ಮಾರುಕಟ್ಟೆಗೆ ಬಂದಿವೆ. ಮಾರುವವರ ಎದುರೇ ಅರ್ಧ ಗಂಟೆ ಭಾರವಾದ ಆಟ ಓಡಿಸಿ, ಫ್ಯಾನ್ ಸದ್ದು ಮತ್ತು ಬಿಸಿ ನೋಡಿ, ಹಳೆಯ ಬಿಲ್ ಕೇಳಿ.

ಅಂಗಡಿಯಲ್ಲಿ ಜೋಡಿಸಿಕೊಂಡರೆ ಪ್ರತಿ ಭಾಗದ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್, ಖಾಲಿ ಪೆಟ್ಟಿಗೆಗಳು ಎಲ್ಲ ಮನೆಗೆ ಬರಲಿ. ಮನೆಗೆ ತಂದ ಮೇಲೆ ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ನ ಪೋರ್ಟ್‌ಗೇ ಸಿಕ್ಕಿಸಿ. 144 ಹರ್ಟ್ಸ್ ಮಾನಿಟರ್ ತಂದವರು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಅದನ್ನು 60ರಿಂದ 144ಕ್ಕೆ ಬದಲಿಸಬೇಕು. ಎಷ್ಟೋ ಸಲ ಅದು ತಾನಾಗಿ ಬದಲಾಗಿರುವುದಿಲ್ಲ.