ಕರಾರು ಉಲ್ಲಂಘನೆಗೆ ಪರಿಹಾರ

ಒಪ್ಪಿದ ಮಾತು ತಪ್ಪಿದವರಿಂದ ನಷ್ಟ ತುಂಬಿಸಿಕೊಳ್ಳಲು ಅಥವಾ ಆ ಕೆಲಸವನ್ನೇ ಮಾಡಿಸಿಕೊಳ್ಳಲು ಇರುವ ಕಾನೂನುಬದ್ಧ ಹಕ್ಕು. 1872ರ ಕರಾರು ಅಧಿನಿಯಮ ಮತ್ತು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಇದಕ್ಕೆ ಆಧಾರ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತದ ವಹಿವಾಟು ಇದಕ್ಕೆ ಒಳ್ಳೆಯ ಉದಾಹರಣೆ. 2021ರ ಜನವರಿಯಲ್ಲಿ ವರದಿಯಾದಂತೆ, ಸಿಂಧನೂರಿನ ರೈತ ಉತ್ಪಾದಕ ಕಂಪನಿಯೊಂದರಿಂದ ರಿಲಯನ್ಸ್ ರಿಟೇಲ್ 1,000 ಕ್ವಿಂಟಲ್ ಸೋನಾ ಮಸೂರಿಯನ್ನು ಕ್ವಿಂಟಲಿಗೆ 1,950 ರೂಪಾಯಿಯಂತೆ ಕೊಳ್ಳಲು ಒಪ್ಪಿತು. ಆಗಿನ ಬೆಂಬಲ ಬೆಲೆ 1,868. ಇಂಥ ಕರಾರಿನಲ್ಲಿ ಖರೀದಿದಾರ ಹಿಂದೆ ಸರಿದು, ಅಂದಿನ ಪೇಟೆ ಧಾರಣೆ 1,700 ಇತ್ತೆನ್ನಿ: ಕರಾರು ಅಧಿನಿಯಮದ 73ನೇ ಕಲಮಿನಡಿ ಕ್ವಿಂಟಲಿಗೆ 250 ರೂಪಾಯಿ ಕೇಳಬಹುದು. ಆದರೆ ಭತ್ತವನ್ನು ಕಣದಲ್ಲೇ ಮಳೆಗೆ ಬಿಟ್ಟು ಪೂರ್ತಿ ನಷ್ಟ ಕೇಳಿದರೆ ನಡೆಯದು. ನಷ್ಟ ತಗ್ಗಿಸಲು ಯತ್ನಿಸಿದ್ದನ್ನೂ ನ್ಯಾಯಾಲಯ ನೋಡುತ್ತದೆ. ರೈತನಿಗೆ ಇದು ಕಠಿಣವೆನಿಸಿದರೂ ನ್ಯಾಯವಾದ ನಿಯಮ. ಕರಾರಿನಲ್ಲೇ ದಂಡದ ಮೊತ್ತ ಬರೆದಿದ್ದರೆ 74ನೇ ಕಲಮಿನಂತೆ ಅದು ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯೋಚಿತವಾದಷ್ಟೇ ಸಿಗುತ್ತದೆ.

ಜಮೀನು ಮಾರಾಟದ ಕರಾರು ಬೇರೆ ಬಗೆಯದು. ಮುಂಗಡ ಪಡೆದವರು ನೋಂದಣಿಗೆ ಬಾರದಿದ್ದರೆ, ಲಿಂಗಸೂಗೂರು ಅಥವಾ ಮಸ್ಕಿ ತಾಲ್ಲೂಕಿನ ಹೊಲವೇ ಆಗಲಿ, ಕ್ರಯಪತ್ರ ಮಾಡಿಸಿಕೊಡುವಂತೆ ಸಿವಿಲ್ ದಾವೆ ಹೂಡಬಹುದು. ಬಾಕಿ ಹಣ ಕೊಡಲು ತಾನು ಸದಾ ಸಿದ್ಧನಿದ್ದೆ ಎಂದು ಕೊಳ್ಳುವವನು ತೋರಿಸಲೇಬೇಕು. ನಿರ್ದಿಷ್ಟ ಪರಿಹಾರ ಅಧಿನಿಯಮದ 2018ರ ತಿದ್ದುಪಡಿ ಈ ಪರಿಹಾರ ನಿರಾಕರಿಸುವ ನ್ಯಾಯಾಲಯದ ವಿವೇಚನೆಯನ್ನು ಬಹಳ ಕುಗ್ಗಿಸಿತು.

ದಾವೆಗೆ ಸಾಮಾನ್ಯ ಕಾಲಮಿತಿ 3 ವರ್ಷ. ಬಾಯಿಮಾತಿನ ಕರಾರೂ ಬಹುತೇಕ ಊರ್ಜಿತವೇ. ಅದನ್ನು ರುಜುವಾತು ಮಾಡಲು ತೂಕದ ಚೀಟಿ, ಬ್ಯಾಂಕ್ ಪಾವತಿ, ಸಾಕ್ಷಿಗಳು ಬೇಕು.