ವಿಶ್ವಸುಂದರಿ ಪದವಿಯ ಪೂರ್ವೋತ್ತರ

೧೯೯೪ನೆಯ ಇಸವಿಯಲ್ಲಿ ಸುಷ್ಮಿತಾ ಸೇನ್ ಎಂಬ ತರುಣಿಯು ಮನೀಲಾ ನಗರದಲ್ಲಿ ಭುವನಸುಂದರಿಯೆಂದೂ, ಮಂಗಳೂರಿನಲ್ಲಿ ಜನಿಸಿದ ಐಶ್ವರ್ಯಾ ರೈ ಎಂಬಾಕೆಯು ದಕ್ಷಿಣ ಆಫ್ರಿಕದ ಸನ್ ಸಿಟಿಯಲ್ಲಿ ವಿಶ್ವಸುಂದರಿಯೆಂದೂ ಕಿರೀಟವನ್ನು ಧರಿಸಿದಾಗ, ಭಾರತದ ಅದೆಷ್ಟೋ ಮನೆಗಳಲ್ಲಿ ಹಬ್ಬದ ಸಡಗರವುಂಟಾಯಿತು. ಅಂದು ಹಿಗ್ಗಿದ ಅಭಿಮಾನಿಗಳಲ್ಲಿ ಕೆಲವರು ಇಂದು ಅದೇ ಕಿರೀಟದ ಮಾತು ಬಂದರೆ ಸುಮ್ಮನಾಗುವರು. ಅವರ ಉತ್ಸಾಹವು ಇಳಿದುದೇಕೆಂದು ತಿಳಿಯಬೇಕಾದರೆ ಈ ಪದವಿಯ ಮೂಲವನ್ನು ನೋಡತಕ್ಕದ್ದು.

ಅಮೆರಿಕಾ ದೇಶದ ಅಟ್ಲಾಂಟಿಕ್ ಸಿಟಿಯು ಕಡಲತಡಿಯ ವಿಹಾರಸ್ಥಳ. ಬೇಸಗೆ ಕಳೆಯುತ್ತಲೇ ಊರಿಗೆ ಹೊರಡುವ ಪ್ರವಾಸಿಗರನ್ನು ಇನ್ನೂ ಕೆಲವು ದಿನ ನಿಲ್ಲಿಸಿಕೊಳ್ಳುವುದಕ್ಕಾಗಿ ಅಲ್ಲಿನ ವರ್ತಕರು ೧೯೨೧ರ ಸೆಪ್ಟೆಂಬರಿನಲ್ಲಿ ಸೌಂದರ್ಯಸ್ಪರ್ಧೆಯನ್ನು ಏರ್ಪಡಿಸಿದರು. ಗೆದ್ದ ಮಾರ್ಗರೆಟ್ ಗೋರ್ಮನ್ ಹದಿನಾರು ವರ್ಷದ ಬಾಲೆ. ೧೯೫೧ರಲ್ಲಿ ಲಂಡನ್ನಿನಲ್ಲಿ ಎರಿಕ್ ಮೋರ್ಲೆ ಎಂಬಾತನು ವಿಶ್ವಸುಂದರಿ ಸ್ಪರ್ಧೆಯನ್ನು ಹೂಡಿದನು. ಆತನು ನೃತ್ಯಶಾಲೆಗಳನ್ನು ನಡೆಸುತ್ತಿದ್ದ ಕಂಪೆನಿಯೊಂದರ ಪ್ರಚಾರವನ್ನು ನೋಡಿಕೊಳ್ಳುತ್ತಿದ್ದವನು. ಅಮೆರಿಕಾ ಸುಂದರಿಯಾಗಿದ್ದ ಯೋಲಾಂಡ್ ಬೆಟ್‌ಬೀಜ್ ಈಜುಡುಗೆಯಲ್ಲಿ ಪ್ರದರ್ಶನಕ್ಕೆ ನಿಲ್ಲೆನೆಂದಾಗ, ಆ ಉಡುಗೆಯ ತಯಾರಕರು ಮುನಿದು ಸಹಾಯವನ್ನು ಹಿಂತೆಗೆದುಕೊಂಡು, ೧೯೫೨ರಲ್ಲಿ ಲಾಂಗ್ ಬೀಚ್ ನಗರದಲ್ಲಿ ಭುವನಸುಂದರಿ ಸ್ಪರ್ಧೆಯನ್ನು ತೊಡಗಿಸಿದರು. ಆ ವರ್ಷವೇ ನರ್ತಕಿ ಇಂದ್ರಾಣಿ ರೆಹಮಾನ್ ಭಾರತದ ಪರವಾಗಿ ಅಲ್ಲಿ ನಿಂತಳು. ಮೂರಕ್ಕೂ ವಾಣಿಜ್ಯವೇ ತಾಯಿಯೆಂಬುದು ಇದರಿಂದ ಸ್ಪಷ್ಟ.

ಭಾರತದಲ್ಲಿಯೂ ಸ್ವಯಂವರವಿರಲಿಲ್ಲವೇ ಎಂದು ಅಭಿಮಾನಿಗಳು ಕೇಳುವುದುಂಟು. ಇದ್ದಿತು, ಆದರೆ ಅಲ್ಲಿ ಸಾಲಾಗಿ ಕುಳಿತವರು ಅರಸರು, ಮಾಲೆ ಹಿಡಿದು ಆರಿಸಿದವಳು ದಮಯಂತಿ. ಇಲ್ಲಿಯಾದರೋ ಸಾಲಾಗಿ ನಿಲ್ಲುವವಳೇ ಅವಳು, ಆರಿಸುವವರು ಅನ್ಯರು. ಎರಡಕ್ಕೂ ಅಜಗಜಾಂತರ.

ಹಾಗೆಂದು ಸ್ಪರ್ಧಿಸಿದವರನ್ನು ಹಳಿಯುವುದು ನ್ಯಾಯವಲ್ಲ. ೧೯೬೬ರಲ್ಲಿ ಗೆದ್ದ ರೀಟಾ ಫಾರಿಯಾ ವೈದ್ಯವಿದ್ಯಾರ್ಥಿನಿ. ವರ್ಷ ತುಂಬಿದೊಡನೆ ಓದಿಗೆ ಮರಳಿ ವೈದ್ಯೆಯಾದಳು. ೧೯೭೦ರಲ್ಲಿ ಲಂಡನ್ನಿನ ಸಭಾಂಗಣದಲ್ಲಿ ಸ್ತ್ರೀಯರು ಹಿಟ್ಟಿನ ಪೊಟ್ಟಣಗಳನ್ನೆಸೆದು, ಹೆಣ್ಣೇನು ಸಂತೆಯ ದನವೇ ಎಂದು ಪ್ರತಿಭಟಿಸಿದರು. ಅದೇ ರಾತ್ರಿ ಗ್ರೆನಡಾದ ಜೆನಿಫರ್ ಹೋಸ್ಟನ್ ಗೆದ್ದು, ವರ್ಣಭೇದದಲ್ಲಿ ನೊಂದ ದಕ್ಷಿಣ ಆಫ್ರಿಕದ ಪರ್ಲ್ ಜಾನ್ಸೆನ್ ಎರಡನೆಯವಳಾದಳು. ಬಿಳಿಯ ಬಣ್ಣವೇ ಚೆಲುವೆಂಬ ಗರ್ವಕ್ಕೆ ಅಂದು ಭಂಗವಾಯಿತು. ಪ್ರತಿಭಟಿಸಿದವರ ಮಾತೂ ದಿಟ, ಗೆದ್ದವರ ಹಿಗ್ಗೂ ದಿಟ.

೧೯೯೬ರ ನವೆಂಬರ್ ೨೩ರಂದು ಈ ಸ್ಪರ್ಧೆ ಬೆಂಗಳೂರಿಗೇ ಬಂದಿತು. ಸಂಸ್ಕೃತಿಗೆ ಹಾನಿಯೆಂದು ಕೆಲವರೂ, ಪರದೇಶದ ಕಂಪೆನಿಗಳು ಹೆಣ್ಣನ್ನು ಸರಕಾಗಿಸುವವೆಂದು ಕೆಲವರೂ ವಿರೋಧಿಸಿದರು. ಮಧುರೆಯಲ್ಲಿ ಯುವಕನೊಬ್ಬನು ಮೈಗೆ ಬೆಂಕಿಯಿಟ್ಟುಕೊಂಡು ಪ್ರಾಣಬಿಟ್ಟನು. ಈಜುಡುಗೆಯ ಭಾಗವನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿ, ಉಳಿದುದನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪೊಲೀಸರ ಕಾವಲಿನಲ್ಲಿ ನಡೆಸಿದರು. ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಗೆದ್ದಳು. ಬೆಂಗಳೂರಿನಲ್ಲಿ ಅನುಚಿತವಾದುದು ಕಡಲು ದಾಟಿದೊಡನೆ ಉಚಿತವಾಯಿತೇ ಎಂಬ ಪ್ರಶ್ನೆ ಅಭಿಮಾನಿಗಳ ಮನಸ್ಸಿನಲ್ಲಿಯೇ ಉಳಿಯಿತು.

ಮುಂದೆ ೨೦೧೫ರಿಂದ ವಿಶ್ವಸುಂದರಿ ಸ್ಪರ್ಧೆಯು ಈಜುಡುಗೆಯ ಭಾಗವನ್ನು ಕೈಬಿಟ್ಟಿತು. ಭುವನಸುಂದರಿ ಸ್ಪರ್ಧೆಯು ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ತೆರೆಯಿತು. ಇವು ಒಳ್ಳೆಯ ಬದಲಾವಣೆಗಳೇ. ಆದರೂ ತಕ್ಕಡಿ ಹಿಡಿದ ಕೈ ಮೊದಲಿನದೇ. ಹಳೆಯ ಅಭಿಮಾನಿಗೆ ಇಂದು ಆ ಕಿರೀಟಕ್ಕಿಂತ, ಅದನ್ನು ಕೆಳಗಿಟ್ಟು ರೋಗಿಗಳ ನಾಡಿ ಹಿಡಿಯಹೋದ ರೀಟಾ ಫಾರಿಯಾಳ ಕೈಯೇ ಹೆಚ್ಚು ಸುಂದರವಾಗಿ ಕಂಡರೆ ಆಶ್ಚರ್ಯವಿಲ್ಲ.