‘ಡಿಪೋ’ ಎಂಬ ಮಾತು

ಅಂಕೋಲೆಯ ಬಸ್ಸು ಡಿಪೋವಿಗೆ ದಾರಿ ಕೇಳಿದರೆ, ಓದುಬರಹವರಿಯದ ಮುದುಕಿಯೂ ಆ ಮಾತನ್ನು ತಪ್ಪಿಲ್ಲದೆ ಉಚ್ಚರಿಸುವಳು. ಅದನ್ನೇ ಇಂಗ್ಲಿಷು ಪುಸ್ತಕದಲ್ಲಿ ಮೊದಲು ಕಂಡ ವಿದ್ಯಾರ್ಥಿಯು, ಕಡೆಯ ‘ಟ’ಕಾರವನ್ನು ಬಿಡಲಾರದೆ ‘ಡೆಪಾಟ್’ ಎಂದು ಓದುವನು; ತರಗತಿಯೆಲ್ಲ ನಗುವುದು. ಈ ನಗೆಯು ನ್ಯಾಯವೇ ಎಂಬುದನ್ನು ತುಸು ವಿಚಾರಿಸೋಣ.

ಲ್ಯಾಟಿನ್ ಭಾಷೆಯ ‘ಡೆಪೊಸಿಟಮ್’ ಎಂಬುದಕ್ಕೆ ನಂಬಿ ಒಪ್ಪಿಸಿದ್ದು ಎಂದರ್ಥ. ಫ್ರೆಂಚರ ಬಾಯಲ್ಲಿ ಈ ಶಬ್ದವು ಸವೆದು, ನಡುವಣ ‘ಸ’ಕಾರವೂ ಕಡೆಯ ‘ಟ’ಕಾರವೂ ಜಾರಿಹೋದವು. ಫ್ರೆಂಚ್ ಅಕಾಡೆಮಿಯ 1740ರ ನಿಘಂಟು ಇಂತಹ ಅನೇಕ ಪದಗಳಲ್ಲಿ ಲುಪ್ತವಾದ ‘ಸ’ಕಾರಕ್ಕೆ ಬದಲು ಸ್ವರದ ಮೇಲೊಂದು ಟೊಪ್ಪಿಗೆಯ ಗುರುತನ್ನಿಟ್ಟಿತು. ‘ಟ’ಕಾರವು ಮಾತ್ರ ಬರಹದಲ್ಲಿ ಮೂಕಾಕ್ಷರವಾಗಿ ಉಳಿಯಿತು. ಇಂಗ್ಲಿಷರು ಪದವನ್ನು ಎರವಲು ತಂದಾಗ ಆ ಮೂಕಾಕ್ಷರವನ್ನೂ ತಂದರು. ಇಂದು ಇಂಗ್ಲೆಂಡಿನಲ್ಲಿ ‘ಡೆಪೋ’, ಅಮೆರಿಕದಲ್ಲಿ ‘ಡೀಪೋ’. ‘ಟ’ಕಾರವು ಎರಡೂ ಕಡೆ ಕೇಳಿಸದು.

ನಮ್ಮ ಜನಕ್ಕೆ ಈ ಮಾತು ಬಂದುದು ಕಿವಿಯ ದಾರಿಯಿಂದ. ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ಮರ ಹೊತ್ತವರು ಕಾಗುಣಿತವನ್ನು ನೋಡಲಿಲ್ಲ, ಆದುದರಿಂದಲೇ ಎಡವಲಿಲ್ಲ.

ಇನ್ನು ಪರಕೀಯರ ನಾಲಗೆಯನ್ನು ನೋಡಿರಿ. ಕಾಳಿನದಿಯ ದಡದ ಚಿತ್ತಾಕುಲವನ್ನು ಪೋರ್ಚುಗೀಸರು ‘ಸಿಂತಾಕೊರಾ’ ಎಂದರು. ಕಾರವಾರವೆಂಬ ಹೆಸರು ಸಮೀಪದ ಕಡವಾಡ ಗ್ರಾಮದಿಂದ ಬಂದುದೆಂದು ಹೇಳುವರು. 1638ರಲ್ಲಿ ಇಂಗ್ಲಿಷು ವರ್ತಕರು ಇಲ್ಲಿ ಕೋಠಿಯನ್ನು ತೆರೆದರು; ಕಡವಾಡದ ‘ಡ’ಕಾರಗಳು ‘ರ’ಕಾರಗಳಾಗಿ ಕಾಗದಪತ್ರಗಳಲ್ಲಿ ನೆಲೆನಿಂತವು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ಆ ಹೆಸರೇ ಜಿಲ್ಲೆಯ ಮುಖ್ಯಪಟ್ಟಣದ ಹೆಸರಾಯಿತು. ಆಳುವವರ ನಾಲಗೆ ತೊಡರಿದರೆ ಅದು ಭೂಪಟವನ್ನೇರುವುದು. ಬಡ ಹುಡುಗನ ನಾಲಗೆ ತೊಡರಿದರೆ ನಗೆಗೀಡಾಗುವುದು!

ಆ ಹುಡುಗನ ತಪ್ಪಾದರೂ ಎಂತಹುದು? ಬರೆದುದನ್ನೆಲ್ಲ ಓದಬೇಕೆಂದು ಕನ್ನಡದ ಅಕ್ಷರಮಾಲೆ ಅವನಿಗೆ ಕಲಿಸಿದೆ. ಆ ನಿಷ್ಠೆಯನ್ನೇ ಅವನು ಪರಭಾಷೆಗೂ ತೋರಿದನು. ಆದುದರಿಂದ ಉಪಾಧ್ಯಾಯರು ಇಂತಹ ಪದವನ್ನು ಕಣ್ಣಿಗೆ ತೋರಿಸುವ ಮುನ್ನ ಒಮ್ಮೆ ಕಿವಿಗೆ ಕೇಳಿಸಲಿ. ತಿದ್ದುವುದು ಅವಶ್ಯ, ನಗುವುದು ಅನವಶ್ಯ.